ಚೌಕಟ್ಟು ಉಳಿಸೋದಾ, ಕೀಳೋದಾ?

ಮೊದಲೇ ಹೇಳಿಬಿಡ್ತೀನಿ, ನಾನು ಓದಿದ್ದು ಬಿ.ಕಾಂ. ಇಟ್ಟಿಗೆ, ಸಿಮೆಂಟು, ಮರ ಇವುಗಳ ಬಗ್ಗೆ ನನಗಿರುವ ಜ್ಞಾನ ಗೃಹಸಾಲದ ಅರ್ಜಿ ಜೊತೆ ಬರುವ ಎಸ್ಟಿಮೇಟ್ ಕಾಗದದಷ್ಟೇ. ಅದರಲ್ಲಿ "ಬಾಗಿಲು ಮತ್ತು ಕಿಟಕಿ" ಅಂತ ಒಂದು ಸಾಲು, ಅದರ ಮುಂದೆ ಒಂದು ಮೊತ್ತ. ಮೂವತ್ತು ವರ್ಷದ ಬ್ಯಾಂಕ್ ಕೆಲಸದಲ್ಲಿ ಅಂಥ ಎಷ್ಟು ಸಾಲುಗಳಿಗೆ ಟಿಕ್ ಹಾಕಿದ್ದೀನೋ ಲೆಕ್ಕವಿಲ್ಲ. ಆ ಒಂದು ಸಾಲಿನ ಒಳಗೆ ಏನೇನು ಅಡಗಿರುತ್ತೆ ಅಂತ ಗೊತ್ತಾಗಿದ್ದು ಮಾತ್ರ ನಮ್ಮನೆ ಕಿಟಕಿಯ ಕದ ನನ್ನ ಕೈಗೇ ಕಿತ್ತು ಬಂದ ದಿನ.

2025ರ ಮೇ ತಿಂಗಳ ಒಂದು ಭಾನುವಾರ. ಮಲ್ಕಾಜ್‌ಗಿರಿಯ ಬಿಸಿಲು ನಿಮಗೆ ಗೊತ್ತಲ್ಲ, ಮಧ್ಯಾಹ್ನ ಮೂರಕ್ಕೆ ಪಶ್ಚಿಮದ ಗೋಡೆ ಮುಟ್ಟಿದರೆ ರೊಟ್ಟಿ ಹಂಚು ಮುಟ್ಟಿದ ಹಾಗೆ. ಅಮ್ಮನ ಕೋಣೆಯ ಕಿಟಕಿ ಮುಚ್ಚೋಣ ಅಂತ ಎಳೆದೆ. ಕೆಳಗಿನ ಕೀಲು ಸ್ಕ್ರೂ ಸಮೇತ ಹೊರಗೆ ಬಂತು. ಸ್ಕ್ರೂ ಕೂತಿದ್ದ ತೂತಿನಿಂದ ಮಣ್ಣು ಬೆರೆತ ಹೊಟ್ಟು ಸುರಿಯಿತು. ಅಮ್ಮ ಮಂಚದ ಮೇಲಿಂದಲೇ ನೋಡಿ ಹೇಳಿದರು, "ವರಲಿ ಹತ್ತೈತಿ ಅಂತ ನಾ ಹ್ವಾದ ವರ್ಷನs ಹೇಳಿದ್ದೆ."

ಹೇಳಿದ್ದರು, ನಿಜ. ಅದಕ್ಕೂ ಮೊದಲೇ ಮನೆ ತಾನೇ ಹೇಳಿತ್ತು. 2020ರ ಅಕ್ಟೋಬರ್ 13ರ ರಾತ್ರಿ ಹೈದರಾಬಾದಿನಲ್ಲಿ ಸುರಿದ ಮಳೆ ಇಲ್ಲಿದ್ದವರ್‍ಯಾರೂ ಮರೆತಿರಲಾರರು. ಎಷ್ಟೋ ಕಾಲೊನಿಗಳಲ್ಲಿ ನೀರು ಮನೆಯೊಳಗೇ ನುಗ್ಗಿತ್ತು. ನಮ್ಮ ಬೀದಿ ಸ್ವಲ್ಪ ಎತ್ತರ, ಬಾಗಿಲಿಂದ ನೀರು ಬರಲಿಲ್ಲ, ಆದರೆ ಇದೇ ಕಿಟಕಿಯ ಕೆಳಗಿನಿಂದ ಗೋಡೆ ಮೇಲೆ ನೀರಿನ ನಕ್ಷೆ ಇಳಿದಿತ್ತು. ಮಳೆ ನಿಂತ ಮೇಲೆ ಸಂದಿಗೆ ಎಂ-ಸೀಲ್ ಮೆತ್ತಿದೆ, ಮೇಲೆ ಬಣ್ಣ ಬಳಿದೆ. ಬ್ಯಾಂಕಿನಲ್ಲಿ ಇದಕ್ಕೆ ಸಾಲ ಎವರ್‌ಗ್ರೀನ್ ಮಾಡೋದು ಅಂತಾರೆ.... ವಸೂಲಾಗದ ಹಳೇ ಸಾಲದ ಮೇಲೆ ಹೊಸ ಕಾಗದ ಹೊದಿಸಿ ಎಲ್ಲ ಚೆನ್ನಾಗಿದೆ ಅನ್ನೋದು. ನಾಲ್ಕು ವರ್ಷಕ್ಕೂ ಮಿಕ್ಕಿ ನಡೀತು.

ಮನೆ ಬಗ್ಗೆ ಎರಡು ಮಾತು. ಕಟ್ಟಿಸಿದ್ದು 1999ರಲ್ಲಿ. ಆಗ ಮಲ್ಕಾಜ್‌ಗಿರಿ ಪ್ರತ್ಯೇಕ ಮುನಿಸಿಪಾಲಿಟಿ, ರಂಗಾರೆಡ್ಡಿ ಜಿಲ್ಲೆ, ಆಂಧ್ರಪ್ರದೇಶ. 2007ರಲ್ಲಿ ಜಿಎಚ್‌ಎಂಸಿಗೆ ಸೇರಿತು, 2014ರಲ್ಲಿ ತೆಲಂಗಾಣ ಆಯಿತು, 2016ರಲ್ಲಿ ಮೇಡ್ಚಲ್-ಮಲ್ಕಾಜ್‌ಗಿರಿ ಅಂತ ಹೊಸ ಜಿಲ್ಲೆ ಬಂತು. ಮನೆ ಒಂದಿಂಚೂ ಕದಲದೆ ವಿಳಾಸ ಮೂರು ಸಲ ಬದಲಾಯಿತು. ಆಗ ನಾನು ಬ್ರಾಂಚಿನಲ್ಲಿ ರಜೆ ಸಿಗದ ಹುಡುಗ. ಲಿಂಗಸುಗೂರಿನಿಂದ ಅಪ್ಪ ಬಂದು ಆರು ತಿಂಗಳು ಮರಳಿನ ಗುಡ್ಡೆ ಪಕ್ಕ ಕುರ್ಚಿ ಹಾಕಿಕೊಂಡು ಕೂತು ಮನೆ ಕಟ್ಟಿಸಿದರು. ನಿಜಾಮರ ಕಾಲದಲ್ಲಿ ಉರ್ದು ಕಲಿತವರು ಅಪ್ಪ, ಇಲ್ಲಿಯ ಮೇಸ್ತ್ರಿಗಳ ಜೊತೆ ಅವರಿಗೆ ಭಾಷೆಯ ತೊಂದರೆಯೇ ಇರಲಿಲ್ಲ. ಎಂಟು ಕಿಟಕಿ, ಎಲ್ಲ ತೇಗದ ಚೌಕಟ್ಟು. "ಟಿಂಬರ್ ಡಿಪೋದಾಗ ಒಂದೊಂದು ತುಂಡು ನಾನs ಆರಿಸಿ ತಂದೀನಿ" ಅನ್ನುತ್ತಿದ್ದರು. ಇಪ್ಪತ್ತೈದು ವರ್ಷ ನಾನೂ ಬಂದವರಿಗೆಲ್ಲ ಹೇಳಿಕೊಂಡು ಬಂದೆ, ನಮ್ಮಪ್ಪ ಹಾಕಿಸಿದ್ದು ಪೂರ್ತಿ ತೇಗ ಅಂತ. ಅಪ್ಪ 2011ರಲ್ಲಿ ಹೋದರು. ಆಮೇಲೆ ಅಮ್ಮ ನಮ್ಮ ಜೊತೆ ಇಲ್ಲೇ.

ಕದ ಕಿತ್ತು ಬಂದ ಮರುದಿನದಿಂದ ನಮ್ಮನೆಗೆ ಕಿಟಕಿ ತಜ್ಞರ ಮೆರವಣಿಗೆ ಶುರುವಾಯಿತು.

ಮೊದಲು ಬಂದವನು ಯುಪಿವಿಸಿ ಕಿಟಕಿ ಮಾರುವ ಹುಡುಗ. ಕೈಯಲ್ಲಿ ಲೇಸರ್ ಅಳತೆ ಯಂತ್ರ. "ಸಾರ್, ಹಳೇ ಚೌಕಟ್ಟು ಮುಟ್ಟೋದೇ ಬೇಡ. ಅದರೊಳಗೇ ಹೊಸ ಚೌಕಟ್ಟು ಕೂರಿಸಿ ಮೇಲೆ ಪಟ್ಟಿ ಹೊಡೆದುಬಿಡ್ತೀವಿ. ಒಂದೇ ದಿನ. ಧೂಳಿಲ್ಲ, ಗಾರೆಯಿಲ್ಲ, ಬಣ್ಣ ಇಲ್ಲ." ಎರಡನೆಯವನು ಇನ್ನೊಂದು ಕಡೆಯವನು. "ಹಳೆಯದರೊಳಗೆ ಹೊಸದು ಕೂರಿಸೋದು ಮೋಸ ಸಾರ್. ಎಂಟೂ ಕಿತ್ತು ಹಾಕಿ, ಗೋಡೆವರೆಗೂ ಹೋಗಬೇಕು." ಮೂರನೆಯವರು ನಮ್ಮ ಬೀದಿಯ ಹಳೇ ಬಡಗಿ, ಅರವತ್ತು ದಾಟಿದ ತೆಲುಗು ಮನುಷ್ಯ. ಅವರ ಪ್ರಕಾರ ಪ್ಲಾಸ್ಟಿಕ್ಕೇ ಬೇಡ, ಕದ ಮಾತ್ರ ಹೊಸದು ಮಾಡಿದರೆ ಸಾಕು. ಮೂವರೂ ಪ್ರಾಮಾಣಿಕರೇ ಇರಬಹುದು. ಆದರೆ ನನ್ನ ಅನುಭವ ಏನಂದ್ರೆ, ಫಿಕ್ಸೆಡ್ ಡಿಪಾಸಿಟ್ ಕೌಂಟರಿನಲ್ಲಿ ಕೂತವನನ್ನು ಹಣ ಎಲ್ಲಿಡಲಿ ಅಂತ ಕೇಳಿದರೆ ಮ್ಯೂಚುವಲ್ ಫಂಡು ಅನ್ನೋದಿಲ್ಲ :)

ಹಾಗಾಗಿ ನಾನೇ ಕೂತು ಓದಿದೆ, ನಾಲ್ಕು ಮನೆಗೆ ಹೋಗಿ ನೋಡಿ ಬಂದೆ, ರಾಣಿಗಂಜ್‌ನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಕೇಳಿದೆ. ನನ್ನಂತೆ ತೊಂಬತ್ತರ ದಶಕದಲ್ಲಿ ಇಲ್ಲಿಗೆ ಬಂದು, ಸ್ಟಾಫ್ ಲೋನಿನಲ್ಲಿ ಮನೆ ಕಟ್ಟಿದವರು ಅನೇಕರಿದ್ದೀರಿ. ನಿಮ್ಮ ಕಿಟಕಿಗಳಿಗೂ ಈಗ ಅದೇ ವಯಸ್ಸು. ಅದಕ್ಕೇ ಸ್ವಲ್ಪ ವಿವರವಾಗಿ ಬರೀತೀನಿ.

ದಾರಿ ಮೂರು. ಒಂದು, ಚೌಕಟ್ಟು ಹಾಗೇ ಇಟ್ಟು ಕದ, ಕೀಲು, ಗಾಜು ಮಾತ್ರ ಬದಲಿಸೋದು. ಇದಕ್ಕೆ ಚೌಕಟ್ಟು ಗಟ್ಟಿ ಇರಬೇಕು, ಮೂಲೆಮಟ್ಟ ಇರಬೇಕು. ಎರಡು, ಹಳೇ ಮರದ ಚೌಕಟ್ಟನ್ನು ಗೋಡೆಯಲ್ಲೇ ಬಿಟ್ಟು ಅದರೊಳಗೆ ಹೊಸ ಚೌಕಟ್ಟು ಸೇರಿಸೋದು. ಮೂರು, ಹಳೇ ಚೌಕಟ್ಟನ್ನೇ ಕಿತ್ತು, ಗೋಡೆಯ ಅಂಚನ್ನು ಗಾರೆಯಿಂದ ಸರಿಮಾಡಿ, ಹೊಸದನ್ನು ನೇರವಾಗಿ ಗೋಡೆಗೆ ಬಿಗಿಯೋದು.

ಎರಡನೆಯದು ಕೇಳೋದಕ್ಕೆ ಬಹಳ ಚಂದ. ನಾನೂ ಮೊದಲು ಅದಕ್ಕೇ ಹೂಂ ಅಂದಿದ್ದೆ. ಮನೆಯಲ್ಲಿ ಎಂಬತ್ತೊಂದರ ಅಮ್ಮ, ಎದೆಯಲ್ಲಿ ಕಫ. ಧೂಳಿಲ್ಲ ಅನ್ನೋ ಒಂದು ಮಾತೇ ಸಾಕಾಗಿತ್ತು. ಆದರೆ ಲೆಕ್ಕ ಹಾಕಿ ನೋಡಿದೆ. ನಮ್ಮ ಕಿಟಕಿ ಗೋಡೆಯಲ್ಲಿ 48 ಇಂಚು ಅಗಲ, 48 ಎತ್ತರ. ಹಳೇ ಮರದ ಪಟ್ಟಿ ಎರಡೂವರೆ ಇಂಚು ದಪ್ಪ, ಎರಡು ಬದಿಗೆ ಐದು. ಉಳಿದಿದ್ದು 43. ಅದರೊಳಗೆ ಯುಪಿವಿಸಿ ಚೌಕಟ್ಟು, ಬದಿಗೆ ಎರಡು ಇಂಚು ಅಂದರೂ ಒಟ್ಟು ನಾಲ್ಕು ಹೋಯಿತು, 39. ಅದೇ ಪೂರ್ತಿ ಕಿತ್ತು ಗಾರೆ ಹಾಕಿದರೆ ಗೋಡೆಯ ತೂತು 47, ಅದರಲ್ಲಿ ನಾಲ್ಕು ಕಳೆದರೆ 43. 39 ಮತ್ತು 43, ನಾಲ್ಕಿಂಚು ಏನು ಮಹಾ ಅನ್ನಿಸುತ್ತೆ. ಆದರೆ ಎತ್ತರದಲ್ಲೂ ನಾಲ್ಕು ಹೋಗುತ್ತಲ್ಲ. 39ರ ವರ್ಗ 1521, 43ರ ವರ್ಗ 1849. ಬೆಳಕು ಬರುವ ಜಾಗ ನೂರಕ್ಕೆ ಹದಿನೆಂಟರಷ್ಟು ಕಮ್ಮಿ. ಬಡ್ಡಿದರದಲ್ಲಿ ಕಾಲು ಪರ್ಸೆಂಟಿಗೆ ಜಗಳ ಆಡೋ ಜನ ನಾವು!

ಇನ್ನು ದುಡ್ಡು. ನನಗೆ ಸಿಕ್ಕ ದರ ಚದರಡಿಗೆ 700 ರೂಪಾಯಿ, ಮೇಲೆ ಜಿಎಸ್‌ಟಿ ನೂರಕ್ಕೆ 18. ಒಳಗೆ ಸೇರಿಸೋದಾದರೆ ಒಂದು ಕಿಟಕಿಗೆ 9,000, ತೆರಿಗೆ 1,620, ಹಳೇ ಮರ ಮುಚ್ಚುವ ಪಟ್ಟಿಗೆ 600. ಒಟ್ಟು ಹನ್ನೊಂದು ಸಾವಿರದ ಚಿಲ್ಲರೆ. ಪೂರ್ತಿ ಕೀಳೋದಾದರೆ ಕಿಟಕಿ ದೊಡ್ಡದು, 10,700, ತೆರಿಗೆ 1,926. ಆದರೆ ಎಸ್ಟಿಮೇಟಿನಲ್ಲಿ ಬರೆಯದ ಬಾಬತ್ತು ಬೇರೆ ಇವೆ. ಕೀಳೋ ಕೂಲಿ ಮತ್ತು ಗಾರೆ 3,000, ಕೆಳಗಿನ ಗ್ರಾನೈಟ್ ಪಟ್ಟಿ 1,200, ಸುತ್ತ ಬಣ್ಣ 1,500. ಹದಿನೆಂಟು ಸಾವಿರದ ಮೇಲಾಯಿತು. ಕಿಟಕಿಗೆ ಏಳು ಸಾವಿರದ ವ್ಯತ್ಯಾಸ, ಎಂಟು ಕಿಟಕಿಗೆ ಹತ್ತಿರ ಹತ್ತಿರ ಐವತ್ತೇಳು ಸಾವಿರ.

ಈ ಏಳು ಸಾವಿರ ಹೆಚ್ಚೋ ಕಡಿಮೆಯೋ? ಇಪ್ಪತ್ತು ವರ್ಷ ಇರ್ತೀವಿ ಅಂದರೆ ವರ್ಷಕ್ಕೆ 350, ಏನೂ ಅಲ್ಲ. ಮೂರು ವರ್ಷಕ್ಕೆ ಬಿಡ್ತೀವಿ ಅಂದರೆ ವರ್ಷಕ್ಕೆ 2,300, ದಂಡ. ಅಂದ್ರೆ ಪ್ರಶ್ನೆ ಕಿಟಕಿಯದಲ್ಲ. ಇಲ್ಲಿ ಎಷ್ಟು ವರ್ಷ ಇರ್ತೀವಿ ಅನ್ನೋದು.

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಿವೃತ್ತಿಗೆ ಮೂರು ವರ್ಷ. ಪ್ರತಿ ಯುಗಾದಿಗೂ, ಪ್ರತಿ ನವೆಂಬರ್ ಒಂದಕ್ಕೂ ನಾನು ಹೇಳುತ್ತಾ ಬಂದಿದ್ದೆ, ರಿಟೈರ್ ಆದ ಮೇಲೆ ಊರಿಗೆ ಹೋಗ್ತೀವಿ, ಅಮ್ಮನಿಗೋಸ್ಕರವಾದರೂ ಹೋಗಬೇಕು. ಬೆಂಗಳೂರಿನಲ್ಲಿರುವ ಮಗನ ಲೆಕ್ಕ ಬೇರೆ. "ಯಾಕಪ್ಪಾ ಈ ಮನೆಗೆ ದುಡ್ಡು ಸುರೀತೀಯ, ಡೆವಲಪ್‌ಮೆಂಟಿಗೆ ಕೊಟ್ಟುಬಿಡು, ಎರಡು ಫ್ಲಾಟ್ ಬರುತ್ತೆ." ನಮ್ಮ ಸಾಲಿನಲ್ಲೇ ನಾಲ್ಕು ಮನೆ ಹಾಗೆ ಹೋಗಿವೆ. ಸಫಿಲ್‌ಗುಡ, ಆನಂದಬಾಗ್ ಕಡೆಯೂ ಅದೇ ಕತೆ. ಒಂದಂತಸ್ತಿನ ಮನೆ ಇದ್ದ ಕಡೆ ಐದಂತಸ್ತು, ಹೂವಿನ ಗಿಡ ಇದ್ದ ಕಡೆ ಪಾರ್ಕಿಂಗ್. ಊರಿಗೆ ಹೋಗೋದಾದರೆ ಅಥವಾ ಕೆಡವೋದಾದರೆ, ಗೋಡೆ ಒಡೆದು ಕಿಟಕಿ ಹಾಕಿಸೋದು ಮೂರ್ಖತನ. ನಾನು ಒಳಗೆ ಸೇರಿಸೋ ದಾರಿಗೆ ಹೂಂ ಅಂದಿದ್ದು ಧೂಳಿಗೆ ಹೆದರಿ ಮಾತ್ರ ಅಲ್ಲ, ಈ ಪ್ರಶ್ನೆಯನ್ನ ಇನ್ನೊಂದಿಷ್ಟು ವರ್ಷ ಮುಂದೆ ತಳ್ಳೋಕೆ ಕೂಡ. ಅದೂ ಎವರ್‌ಗ್ರೀನೇ.

ಅಡ್ವಾನ್ಸ್ ಕೊಡುವ ಮುಂಚೆ ಒಂದು ಪರೀಕ್ಷೆ ಮಾಡಿದೆ. ಇದು ನೀವೂ ಮಾಡಿ ನೋಡಿ, ಖರ್ಚಿಲ್ಲ. ಹೊಸ ಚೌಕಟ್ಟು, ಅದರ ಕದದ ಪಟ್ಟಿ ಎರಡೂ ಸೇರಿ ಹಳೇ ಮರದ ಒಳಗೆ ಎಷ್ಟು ಇಂಚು ಬರುತ್ತೆ ಅಂತ ಕೇಳಿಕೊಂಡು, ಅಷ್ಟೇ ಅಗಲದ ರಟ್ಟು ಕತ್ತರಿಸಿ ಕಿಟಕಿಯ ನಾಲ್ಕೂ ಬದಿಗೆ ಅಂಟಿಸಿ. ನನಗೆ ಹೇಳಿದ್ದು ನಾಲ್ಕೂವರೆ ಇಂಚು. ಅಂಟಿಸಿ, ಅಮ್ಮ ದಿನಾ ಕೂರುವ ಜಾಗದಲ್ಲಿ ಅವರನ್ನ ಕೂರಿಸಿ, ಏನು ಕಾಣುತ್ತೆ ಅಂತ ಕೇಳಿದೆ.

"ಗೇಟು ಕಾಣಂಗಿಲ್ಲ."

ಸ್ವಲ್ಪ ಕತ್ತು ಎತ್ತಿ ನೋಡಮ್ಮ ಅಂದೆ.

"ಎಷ್ಟಂತ ಎತ್ತಲಿ? ಬರೇ ಆಕಾಶ ಕಾಣತೈತಿ. ಆಕಾಶ ನೋಡಿಕೋತ ಕುಂದರಾಕ ನಾ ಏನು ಸ್ವಾಮಿನಾ?"

ನಮ್ಮೂರ ಮನೆಯಲ್ಲಿ ಅಮ್ಮನಿಗೆ ಕಿಟಕಿ ಅನ್ನೋದು ಹೆಚ್ಚುಕಮ್ಮಿ ಇರಲೇ ಇಲ್ಲ. ಎರಡಡಿ ದಪ್ಪದ ಮಣ್ಣಿನ ಗೋಡೆ, ಮೇಲೆ ಮಾಳಿಗೆ, ಮಾಳಿಗೆಯಲ್ಲಿ ಒಂದು ಬೆಳಕಿಂಡಿ. ರಾಯಚೂರಿನ ಬಿಸಿಲಿಗೆ ಅದೇ ಸರಿ. ಬೆಳಕು ಮೇಲಿನಿಂದ ಬೀಳುತ್ತಿತ್ತು, ಬೀದಿ ಕಾಣುತ್ತಿರಲಿಲ್ಲ. ಇಲ್ಲಿಗೆ ಬಂದ ಮೇಲೆ ಈ ಕಿಟಕಿಯೇ ಅವರ ಬೀದಿ. ತರಕಾರಿ ಗಾಡಿಯವಳ ಜೊತೆ ಕಂಬಿಯ ಸಂದಿಯಿಂದಲೇ ಚೌಕಾಸಿ ಮಾಡಿ ತೆಲುಗು ಕಲಿತರು. ಮೌಲಾಲಿ ಕಡೆಯಿಂದ ಬರುವ ಗಾಡಿ ಯಾವುದು, ಬೊಲಾರಂ ಕಡೆಯದು ಯಾವುದು ಅಂತ ಸದ್ದಿನಲ್ಲೇ ಹೇಳುತ್ತಾರೆ. ಶಾಲೆ ಮಕ್ಕಳು ಗೇಟಿನ ಹತ್ತಿರ ನಿಂತು "ಅಮ್ಮಮ್ಮಾ" ಅಂತ ಕೂಗಿ ಹೋಗ್ತಾರೆ. ನಾಲ್ಕೂವರೆ ಇಂಚಿನ ರಟ್ಟು ಅದನ್ನೆಲ್ಲ ಮುಚ್ಚಿಬಿಟ್ಟಿತ್ತು.

ಅದೇ ಪೂರ್ತಿ ಕಿತ್ತರೆ ಹೇಗೆ? ಹಳೇ ಮರದ ಎರಡೂವರೆ ಇಂಚು ಹೋಗಿ ಗಾರೆಯ ಅರ್ಧ ಇಂಚು ಬರುತ್ತಲ್ಲ, ಕದ ಮುಚ್ಚಿದಾಗಲೂ ಎರಡೂವರೆ ಇಂಚಷ್ಟೇ ಮೇಲೆ ಬರುತ್ತೆ. ರಟ್ಟನ್ನ ಎರಡೂವರೆ ಇಂಚಿಗೆ ಕತ್ತರಿಸಿ ಮತ್ತೆ ತೋರಿಸಿದೆ. ಗೇಟು ಕಂಡಿತು.

ಆದರೆ ಧೂಳು? ಒಂದು ತಿಂಗಳು ತಂಗಿ ಮನೆಗೆ ರಾಯಚೂರಿಗೆ ಹೋಗಿರಮ್ಮ, ಹೇಗೂ ಊರು ಊರು ಅಂತಿರ್ತೀಯ ಅಂದೆ. ಅಮ್ಮ ನನ್ನ ಮುಖವನ್ನೇ ನೋಡಿದರು. "ಊರು ಊರು ಅನ್ನಾಂವ ನೀನು. ನಾ ಯಾವಾಗ ಅಂದೀನಿ? ಅಲ್ಲಿ ಯಾರದಾರ ನನಗ? ಇದ ನನ್ನ ಮನಿ. ನಡುಮನ್ಯಾಗ ಹಾಸಗಿ ಹಾಕು, ಮಲಕೋತೀನಿ."

ಹದಿನಾಲ್ಕು ವರ್ಷದಿಂದ ನಾನು ಅಮ್ಮನ ಹೆಸರಿನಲ್ಲಿ ಇಟ್ಟುಕೊಂಡಿದ್ದ ಖಾತೆ ಅದು, ಒಂದೇ ಮಾತಿನಲ್ಲಿ ಕ್ಲೋಸ್ ಆಯಿತು. ಊರಿನ ಆಸೆ ನನ್ನದು. ಅದು ತಪ್ಪಲ್ಲ, ಆದರೆ ಅದಕ್ಕೆ ಜಾಮೀನು ಹಾಕಲು ಅಮ್ಮ ಒಪ್ಪಿರಲೇ ಇಲ್ಲ. ಇಲ್ಲಿ ಇರೋದು ಇಪ್ಪತ್ತು ವರ್ಷವೋ ಹತ್ತು ವರ್ಷವೋ ಗೊತ್ತಿಲ್ಲ, ಆದರೆ ಅಮ್ಮ ಇರುವವರೆಗೆ ಅಂತೂ ಇಲ್ಲೇ. ಅವತ್ತು ರಾತ್ರಿ ಮಗನಿಗೆ ಫೋನ್ ಮಾಡಿ ಡೆವಲಪ್‌ಮೆಂಟಿನ ಮಾತು ಸದ್ಯಕ್ಕೆ ಬೇಡ ಅಂತ ಹೇಳಿದೆ. ಅವನೂ ಹೆಚ್ಚು ವಾದ ಮಾಡಲಿಲ್ಲ.

ಮರುದಿನ ಬಡಗಿಯನ್ನ ಕರೆಸಿದೆ. ಎಂಟೂ ಕಿಟಕಿಗೆ ಸ್ಕ್ರೂಡ್ರೈವರ್ ಪರೀಕ್ಷೆ. ಚೂಪಾದ ತುದಿಯಿಂದ ಚೌಕಟ್ಟಿನ ನಾಲ್ಕೂ ಪಟ್ಟಿಯನ್ನ, ಮುಖ್ಯವಾಗಿ ಕೆಳಗಿನ ಎರಡು ಮೂಲೆಯನ್ನ, ಒತ್ತಿ ನೋಡೋದು, ಹಿಡಿಯಿಂದ ತಟ್ಟಿ ಸದ್ದು ಕೇಳೋದು. ಗಟ್ಟಿ ಮರ ಟಣ್ ಅನ್ನುತ್ತೆ, ಟೊಳ್ಳು ಮರ ಡಬ್ ಅನ್ನುತ್ತೆ. ಉತ್ತರ, ಪೂರ್ವದ ನಾಲ್ಕು ಕಿಟಕಿ ಕಬ್ಬಿಣದ ಹಾಗಿದ್ದವು. ಅಡಿಗೆಮನೆಯದೂ ಗಟ್ಟಿ, ಆದರೆ ಕದ ಹಾಳಾಗಿತ್ತು. ಪಶ್ಚಿಮದ ಮೂರರಲ್ಲಿ ಮೇಲಿನ ಪಟ್ಟಿ, ಎರಡು ಬದಿಯ ಪಟ್ಟಿ ಎಲ್ಲ ಚೆನ್ನಾಗಿವೆ, ಕೆಳಗಿನದು ಮಾತ್ರ ಸ್ಕ್ರೂಡ್ರೈವರ್ ಹಿಡಿಯವರೆಗೆ ಇಳಿಯಿತು. ಮೂರರಲ್ಲೂ ಹಾಗೇ.

ಇಂಥ ಚೌಕಟ್ಟಿನೊಳಗೆ ಹೊಸದನ್ನು ಕೂರಿಸಿದ್ದರೆ? ಗೆದ್ದಲು ಪ್ಲಾಸ್ಟಿಕ್ ತಿನ್ನೋದಿಲ್ಲ ನಿಜ. ಆದರೆ ಹೊಸ ಕಿಟಕಿಯ ಸ್ಕ್ರೂ ಹಿಡಿದಿರೋದು ಹಳೇ ಮರವನ್ನ. ಮರ ಹೋದರೆ ಹಿಡಿತ ಹೋಯಿತು. ಮೇಲೆ ಚಂದದ ಬಿಳಿ ಪಟ್ಟಿ ಬೇರೆ ಮುಚ್ಚಿರುತ್ತೆ, ಒಳಗೆ ಏನಾಗ್ತಿದೆ ಅಂತ ಯಾರಿಗೂ ಕಾಣಲ್ಲ. ಕೆಳಗಿನ ಪಟ್ಟಿ ಮಾತ್ರ ಕತ್ತರಿಸಿ ಬೇರೆ ಹಾಕಬಹುದಲ್ಲ ಅಂತ ಕೇಳಿದೆ. ಹಾಕಬಹುದು, ಆದರೆ ಮರಕ್ಕೂ ಗೋಡೆಗೂ ನಡುವಿನ ಸಂದಿ ಹಾಗೇ ಉಳಿಯುತ್ತೆ, ನೀರು ಬರ್ತಾ ಇರೋದು ಅಲ್ಲಿಂದ ಅಂದರು ಬಡಗಿ. ಈ ಮಾತು ನನಗೆ ಹಿಡಿಸಿತು. ಕಿಟಕಿ ಸೋರೋದು ಸಾಮಾನ್ಯವಾಗಿ ಗಾಜಿನಿಂದ ಅಲ್ಲ, ಚೌಕಟ್ಟು ಮತ್ತು ಗೋಡೆ ಸೇರುವಲ್ಲಿ. ಒದ್ದೆ ಕಾಣೋದು ಒಂದು ಕಡೆ, ನೀರು ಹೊಕ್ಕೋದು ಇನ್ನೊಂದು ಕಡೆ. 1908ರ ಮೂಸಿ ಪ್ರವಾಹ ಆದ ಮೇಲೆ 1909ರಲ್ಲಿ ನಮ್ಮ ವಿಶ್ವೇಶ್ವರಯ್ಯನವರು ಇಲ್ಲಿಗೆ ಬಂದು, ಮುಳುಗಿದ ನಗರವನ್ನಷ್ಟೇ ನೋಡದೆ ನದಿಯ ಮೇಲ್ಗಡೆ ನೋಡಿದರು. ಅಲ್ಲಿ ನೀರು ತಡೆಯುವ ಅವರ ಯೋಜನೆಯಿಂದಲೇ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಆದದ್ದು. ನಮ್ಮದು ನಾಲ್ಕಡಿ ಕಿಟಕಿ, ಆದರೂ ತತ್ವ ಅದೇ.

ಕೊನೆಗೆ ತೀರ್ಮಾನ ಹೀಗಾಯಿತು. ಪಶ್ಚಿಮದ ಮೂರು ಪೂರ್ತಿ ಕೀಳೋದು. ಉತ್ತರ, ಪೂರ್ವದ ನಾಲ್ಕಕ್ಕೆ ಚೌಕಟ್ಟು ಉಳಿಸಿ ಕದಗಳ ರಿಪೇರಿ. ಅಡಿಗೆಮನೆಯದಕ್ಕೆ ಹುಡುಗ ಹೇಳಿದ ಹಾಗೆ ಒಳಗೇ ಸೇರಿಸೋದು, ಯಾಕಂದ್ರೆ ಅಲ್ಲಿ ಕಿಟಕಿ ಸುತ್ತ ಟೈಲ್ಸ್, ಕೆಳಗೆ ಕಟ್ಟೆ. ಕಿತ್ತರೆ ಅಡಿಗೆಮನೆಯನ್ನೇ ಹೊಸದಾಗಿ ಮಾಡಬೇಕು, ಮರವೂ ಗಟ್ಟಿ ಇದೆ, ಬೆಳಕಿಗೆ ಇನ್ನೊಂದು ಬಾಗಿಲಿದೆ. ಮೂವರು ತಜ್ಞರೂ ಸರಿಯೇ, ಒಬ್ಬೊಬ್ಬರು ಒಂದೊಂದು ಕಿಟಕಿಗೆ ಸರಿ. ಮನೆಗೆಲ್ಲ ಒಂದೇ ದಾರಿ ಅಂತ ಹೊರಟಿದ್ದೇ ನನ್ನ ತಪ್ಪು.

ಕೀಳುವ ದಿನ ಅಮ್ಮನ ಹಾಸಿಗೆ ನಡುಮನೆಗೆ ಬಂತು, ಕೋಣೆಯ ಬಾಗಿಲಿಗೆ ಒದ್ದೆ ಬೆಡ್‌ಶೀಟ್ ಕಟ್ಟಿದೆವು. ಚೌಕಟ್ಟನ್ನು ಗೋಡೆಗೆ ಹಿಡಿದಿರೋದು ಬದಿಗೆ ಮೂರರಂತೆ ಕಬ್ಬಿಣದ ಹೋಲ್ಡ್‌ಫಾಸ್ಟ್. ಅವನ್ನ ಎಳೆದರೆ ಗೋಡೆಯ ಇಟ್ಟಿಗೆಯೇ ಬರುತ್ತೆ, ಗ್ರೈಂಡರಿನಲ್ಲಿ ಕತ್ತರಿಸಬೇಕು. ಮೇಲೆ ಲಿಂಟಲ್ ಇದೆಯಾ ಅಂತ ಮೊದಲೇ ನೋಡಿಕೊಂಡಿದ್ದೆವು. ಇದ್ದರೆ ಭಾರ ಅದರ ಮೇಲೆ, ಚೌಕಟ್ಟು ಕಿತ್ತರೆ ಭಯವಿಲ್ಲ. ತೀರಾ ಹಳೇ ಮನೆಗಳಲ್ಲಿ ಲಿಂಟಲ್ ಇಲ್ಲದೆಯೂ ಇರುತ್ತೆ, ಹುಷಾರು.

ಕೆಳಗಿನ ಪಟ್ಟಿಯನ್ನ ನಡುವೆ ಕತ್ತರಿಸಿ ಎತ್ತಿದಾಗ ಬಡಗಿ ಅದನ್ನ ತಿರುಗಿಸಿ ನೋಡಿದರು, ಉಗುರಿನಲ್ಲಿ ಕೆರೆದರು, ಮೂಸಿದರು. "ಇದಿ ಟೇಕು ಕಾದು ಸಾರ್." ಇದು ತೇಗ ಅಲ್ಲ. ಎರಡನೆಯ ಕಿಟಕಿಯದೂ ಅಲ್ಲ. ಮೂರನೆಯದೂ ಅಲ್ಲ. ಮೇಲಿನದು, ಬದಿಯದು ಅಪ್ಪಟ ತೇಗ, ಕೆಳಗಿನದು ಮಾತ್ರ ಯಾವುದೋ ಕಾಡುಮರ. ಮೇಲೆ ಬಣ್ಣ ಬಳಿದರೆ ಎಲ್ಲ ಒಂದೇ.

ನನಗೆ ಮೊದಲು ಬಂದಿದ್ದು ಸಿಟ್ಟು. ಟಿಂಬರ್ ಡಿಪೋದವನು ಅಪ್ಪನಿಗೆ ಮೋಸ ಮಾಡಿದ್ದಾನೆ ಅಂತ. ಆ ತುಂಡು ಹಿಡಿದುಕೊಂಡು ನಡುಮನೆಗೆ ಹೋದೆ. ಅಮ್ಮ ಅದನ್ನ ಮುಟ್ಟಿ ಸುಮ್ಮನೆ ಕೂತರು. ಆಮೇಲೆ ಹೇಳಿದರು. 1999, ಅದೇ ವರ್ಷ ತಂಗಿಯ ಮದುವೆ. ಪಶ್ಚಿಮದ ಮೂರು ಕಿಟಕಿ ಕೊನೆಗೆ ಮಾಡಿಸಿದ್ದು, ಅಷ್ಟರಲ್ಲಿ ಕೈಯಲ್ಲಿದ್ದ ದುಡ್ಡು ಮುಗಿದಿತ್ತು. ನನ್ನನ್ನು ಕೇಳಿದರೆ ಇನ್ನೊಂದು ಸಾಲ ತೆಗೀತೀನಿ ಅಂತ ಅಪ್ಪನಿಗೆ ಗೊತ್ತಿತ್ತು. ಆಗಲೇ ಸಂಬಳದಲ್ಲಿ ಅರ್ಧ ಕಂತಿಗೆ ಹೋಗುತ್ತಿತ್ತು. ಹಾಗಾಗಿ ಯಾರ ಕಣ್ಣಿಗೂ ಬೀಳದ ಕೆಳಗಿನ ಪಟ್ಟಿಗೆ ಕಡಿಮೆ ಬೆಲೆಯ ಮರ ಹಾಕಿಸಿದರು. "ನಿನಗ ಹೇಳಬ್ಯಾಡ ಅಂದಿದ್ರು. ಕೈ ಆಡಿದ ಮ್ಯಾಲ ನಾನs ಬದಲಿ ಮಾಡಸ್ತೀನಿ ಅಂತಿದ್ರು. ಆಮ್ಯಾಲ ಮರತs ಬಿಟ್ರು."

ಮರೆತಿರಲಿಕ್ಕಿಲ್ಲ. 2011ರವರೆಗೂ ಅಪ್ಪ ಬಂದಾಗಲೆಲ್ಲ ಬೆಳಿಗ್ಗೆ ಎದ್ದು ಪಶ್ಚಿಮದ ಕಿಟಕಿಗಳ ಕೆಳಗೆ ಬೆರಳಾಡಿಸಿ ನೋಡುತ್ತಿದ್ದುದು ನನಗೀಗ ನೆನಪಾಗ್ತಿದೆ. ಧೂಳು ನೋಡ್ತಾರೆ ಅಂದುಕೊಂಡಿದ್ದೆ.

ಮುಂದಿನ ಕೆಲಸದ ಬಗ್ಗೆ, ನಿಮಗೆ ಉಪಯೋಗವಾಗುವಷ್ಟು ಹೇಳಿ ಮುಗಿಸ್ತೀನಿ. ಕೂರಿಸುವವರು ಚೌಕಟ್ಟು ಕೀಳುವ ಮುಂಚೆಯೇ ಅಳತೆ ತಗೊಂಡು ಆರ್ಡರ್ ಹಾಕ್ತೀವಿ ಅಂದರು. ನಾನು ಒಪ್ಪಲಿಲ್ಲ. ಒಳ್ಳೇದೇ ಆಯಿತು, ಕಿತ್ತ ಮೇಲೆ ನೋಡಿದರೆ ಒಂದು ತೂತು ಮೂಲೆಯಿಂದ ಮೂಲೆಗೆ ಮುಕ್ಕಾಲು ಇಂಚು ಓರೆ. ಮೊದಲು ಗಾರೆ, ಒಂದು ವಾರ ನೀರು ಹಾಕಿ ಕ್ಯೂರಿಂಗ್, ಆಮೇಲೆ ಅಗಲ ಮೂರು ಕಡೆ, ಎತ್ತರ ಮೂರು ಕಡೆ ಅಳೆದು, ಅದರಲ್ಲಿ ಚಿಕ್ಕದು ಹಿಡಿದು, ಸುತ್ತಲೂ ಐದು ಮಿಲಿಮೀಟರ್ ಬಿಟ್ಟು ಆರ್ಡರ್. ಆ ಐದು ಮಿಲಿಮೀಟರ್ ಯಾಕೆ ಅಂದ್ರೆ ಪಿವಿಸಿ ಬಿಸಿಲಿಗೆ ಹಿಗ್ಗುತ್ತೆ. ನಾಲ್ಕಡಿಯ ಪಟ್ಟಿ ನಲವತ್ತು ಡಿಗ್ರಿ ಏರುಪೇರಿಗೆ ಮೂರು ಮಿಲಿಮೀಟರಿಗೂ ಹೆಚ್ಚು. ಜಾಗ ಬಿಡದೆ ಬಿಗಿದರೆ ಬಿಲ್ಲಿನಂತೆ ಬಾಗುತ್ತೆ, ಕದ ಮುಚ್ಚೋದಿಲ್ಲ.

ಕಿಟಕಿ ತಯಾರಾಗಿ ಬರಲು ಎರಡೂವರೆ ವಾರ. ಅಲ್ಲಿಯವರೆಗೆ ಗೋಡೆಯಲ್ಲಿ ತೂತು, ಕಳ್ಳರು ಮತ್ತು ಸೊಳ್ಳೆ. ಇದಕ್ಕೆ ಬಡಗಿಯೇ ಉಪಾಯ ಹೇಳಿದರು. ಹಳೇ ಕಬ್ಬಿಣದ ಗ್ರಿಲ್ ಮರಕ್ಕೆ ಸ್ಕ್ರೂ ಹಾಕಿದ್ದು. ಅದಕ್ಕೆ ನಾಲ್ಕು ಬದಿ ಕಿವಿ ವೆಲ್ಡ್ ಮಾಡಿಸಿ, ಗಾರೆ ಹಾಕುವಾಗಲೇ ನೇರ ಗೋಡೆಗೆ ಕೂರಿಸಿ, ಒಳಗಿನಿಂದ ಪ್ಲೈವುಡ್ ಹಲಗೆ ಮುಚ್ಚಿದೆವು. ಅಪ್ಪ ಆರಿಸಿದ ನವಿಲಿನ ಗ್ರಿಲ್ ಹಾಗೇ ಉಳಿಯಿತು.

ಕೂರಿಸುವಾಗ ಸಂದಿಗೆ ಫೋಮ್ ಹೊಡೀತಾರೆ. ಫೋಮ್ ಒಂದೇ ಸಾಕು ಅಂದರೆ ನಂಬಬೇಡಿ. ಅದು ಸಂದಿ ತುಂಬುತ್ತೆ, ಮಳೆ ತಡೆಯೋದಿಲ್ಲ, ಬಿಸಿಲು ಬಿದ್ದರೆ ಪುಡಿಯಾಗುತ್ತೆ. ಅದರ ಹೊರಗೆ ಸಿಲಿಕೋನ್ ಸೀಲಂಟ್ ಬೇಕೇ ಬೇಕು. ಅದರಲ್ಲೂ ವಿನಿಗರ್ ವಾಸನೆ ಬರೋದು ಗಾಜಿಗೆ ಸರಿ, ಸಿಮೆಂಟಿಗೆ ನ್ಯೂಟ್ರಲ್ ಅಂತ ಬರೆದಿರೋದು ಬೇಕು. ಕೆಳಗಿನ ಗ್ರಾನೈಟ್ ಹೊರಗಡೆಗೆ ಸ್ವಲ್ಪ ಇಳಿಜಾರು ಇರಲಿ. ಚೌಕಟ್ಟಿನ ಕೆಳಗೆ ನೀರು ಹೋಗಲು ಸಣ್ಣ ಕಿಂಡಿ ಇರುತ್ತೆ, ಉತ್ಸಾಹದಲ್ಲಿ ಅದಕ್ಕೂ ಸಿಲಿಕೋನ್ ಮೆತ್ತಿಬಿಡ್ತಾರೆ, ನೋಡಿಕೊಳ್ಳಿ. ಕದ ಜಾರುವುದೋ ತೆರೆಯುವುದೋ ಅನ್ನೋದು ಇನ್ನೊಂದು ಪುರಾಣ. ರೈಲಿನ ಹಾರ್ನ್ ತಡೆಯೋದಕ್ಕೆ ತೆರೆಯುವ ಕದವೇ ವಾಸಿ, ರಬ್ಬರ್ ಗಟ್ಟಿಯಾಗಿ ಒತ್ತಿಕೊಳ್ಳುತ್ತೆ. ಸದ್ದು ನುಗ್ಗೋದು ಹೆಚ್ಚಾಗಿ ಸಂದಿಯಿಂದಲೇ. ಕೊನೆಯದಾಗಿ, ನೂರಕ್ಕೆ ಹತ್ತು ಹಣ ಉಳಿಸಿಕೊಳ್ಳಿ. ಹೊರಗಿನಿಂದ ಹೋಸ್ ಪೈಪ್ ಹಿಡಿದು, ಕೆಳಗಿನಿಂದ ಶುರುಮಾಡಿ ಮೇಲಕ್ಕೆ ಹತ್ತು ನಿಮಿಷ ನೀರು ಬಿಟ್ಟು, ಒಳಗೆ ಒದ್ದೆ ಇಲ್ಲ ಅಂದ ಮೇಲೆ ಕೊಡಿ. ನಮ್ಮಲ್ಲಿ ಒಂದು ಕಿಟಕಿ ಫೇಲಾಯಿತು, ಮತ್ತೆ ಸೀಲ್ ಮಾಡಿಸಿದೆ.

ಕಿತ್ತ ಮೂರು ಚೌಕಟ್ಟಿನ ತೇಗ, ಒಂಬತ್ತು ಪಟ್ಟಿ, ಬಡಗಿ ರಂದ ಹೊಡೆದಾಗ ನಿನ್ನೆ ಕಡಿದ ಮರದ ಹಾಗೆ ಬಣ್ಣ ಬಂತು. ಪೂರ್ವದ ಕಿಟಕಿಗಳ ಕದದಲ್ಲಿ ಎಲ್ಲೆಲ್ಲಿ ತುಂಡು ಬೇಕಿತ್ತೋ ಅಲ್ಲಿಗೆಲ್ಲ ಅದನ್ನೇ ಹಾಕಿದರು. ಈಗ ಯಾರಾದರೂ ಕೇಳಿದರೆ ಎಲ್ಲ ತೇಗವೇ ಅಂತ ಹೇಳಬಹುದು, ಸುಳ್ಳಾಗೋದಿಲ್ಲ.

ಜುಲೈನಲ್ಲಿ ಒಂದು ರಾತ್ರಿ ಜೋರು ಮಳೆ ಬಂತು. ಎರಡು ಗಂಟೆ ಇರಬೇಕು, ಎಚ್ಚರ ಆಯಿತು. ಐದು ವರ್ಷದ ಅಭ್ಯಾಸ, ಮಳೆ ಅಂದರೆ ಎದ್ದು ಹಳೇ ಪಂಚೆ ಹುಡುಕೋದು. ಸದ್ದಾಗದ ಹಾಗೆ ಅಮ್ಮನ ಕೋಣೆಗೆ ಹೋಗಿ, ಕತ್ತಲಲ್ಲೇ ಕಿಟಕಿಯ ಕೆಳಗೆ ಅಂಗೈ ಇಟ್ಟೆ. ತಣ್ಣಗಿತ್ತು, ಆದರೆ ಒಣಗಿತ್ತು. ಇನ್ನೊಂದು ಮೂಲೆಗೆ ಕೈ ಸರಿಸುತ್ತಿದ್ದೆ.

"ಒಣಗೈತಿ, ಹೋಗಿ ಮಲಕೋ" ಅಂದರು ಅಮ್ಮ. "ನಾ ಆಗಲೇ ನೋಡೀನಿ."